ರೂಗಾ ಅಂದರೆ ಏನು? ಅನಾಟಮಿಯ ಒಂದು ಪದವನ್ನು ಬೇರಿನಿಂದ ಹಿಡಿಯುವ ಬಗೆ

ಮೊದಲು ಬಾಯಿ ಮುಚ್ಚಿಕೊಳ್ಳಿ. ನಾಲಿಗೆಯ ತುದಿಯನ್ನು ಮೇಲಿನ ಮುಂಹಲ್ಲುಗಳ ಹಿಂಬದಿಗೆ ತಾಗಿಸಿ, ಅಲ್ಲಿಂದ ಮೆಲ್ಲಗೆ ಹಿಂದಕ್ಕೆ ಸರಿಸಿ. ಹಲ್ಲು ಮುಗಿದ ಕೂಡಲೇ ನಟ್ಟನಡುವೆ ಒಂದು ಪುಟ್ಟ ಉಬ್ಬು ಸಿಗುತ್ತದೆ. ಅದನ್ನು ದಾಟಿದರೆ ಎಡಕ್ಕೂ ಬಲಕ್ಕೂ ಅಡ್ಡಡ್ಡ ಹೋಗಿರುವ ಏಣುಗಳು ತಗಲುತ್ತವೆ. ಮರಳಿನ ಮೇಲೆ ಗಾಳಿ ಬರೆದ ಗೆರೆಗಳ ಹಾಗೆ, ಒಂದರ ಹಿಂದೆ ಒಂದು. ಇನ್ನೂ ಸ್ವಲ್ಪ ಹಿಂದಕ್ಕೆ ಹೋದರೆ ಅವು ನಿಂತುಹೋಗಿ ಅಂಗುಳು ನುಣ್ಣಗಾಗುತ್ತದೆ. ಸಿಕ್ಕಿತಲ್ವಾ? ಆ ಏಣುಗಳಿಗೇ ಅನಾಟಮಿಯಲ್ಲಿ, ಅಂದರೆ ದೇಹರಚನೆಯ ಶಾಸ್ತ್ರದಲ್ಲಿ, ರೂಗಾ ಎನ್ನುತ್ತಾರೆ.

ಈ ಪದದ ಬಗ್ಗೆ ಬರೆಯಬೇಕು ಅನ್ನಿಸಿದ್ದು ನನ್ನ ಚಿಕ್ಕಮ್ಮನಿಂದ. ಅವರಿಗೆ ಎಂಡೋಸ್ಕೋಪಿ, ಅಂದರೆ ಬಾಯಿಯಿಂದ ಟ್ಯೂಬ್ ಇಳಿಸಿ ಜಠರದ ಒಳಗನ್ನು ನೋಡುವ ಪರೀಕ್ಷೆ, ಮಾಡಿದ್ದರು. ರಿಪೋರ್ಟಿನಲ್ಲಿ ರೂಗಲ್ ಫೋಲ್ಡ್ಸ್ ನಾರ್ಮಲ್ ಎಂದು ಒಂದು ಸಾಲು ಇತ್ತು. ಯಾರೋ ಫೋನಿನಲ್ಲಿ ಹುಡುಕಿ, ರೂಗಾ ಅಂದರೆ ಸುಕ್ಕು ಎಂದು ಹೇಳಿಬಿಟ್ಟಿದ್ದಾರೆ. ಚಿಕ್ಕಮ್ಮ ರಾತ್ರಿ ಫೋನ್ ಮಾಡಿದರು. "ಹೊಟ್ಟೆಯೊಳಗೂ ಸುಕ್ಕು ಬಿದ್ದಿದೆಯಂತೆ ಕಣೋ. ಅಷ್ಟು ವಯಸ್ಸಾಗಿಹೋಯ್ತಾ ನನಗೆ?" ದನಿಯಲ್ಲಿ ಭಯ ಇತ್ತು. "ಇಲ್ಲ ಚಿಕ್ಕಮ್ಮ, ಅದು ಚಿಕ್ಕಂದಿನಿಂದಲೂ ಎಲ್ಲರ ಹೊಟ್ಟೆಯಲ್ಲೂ ಇರೋದೇ. ಇರಬೇಕಾದ್ದೇ ಇದೆ ಅಂತ ಬರೆದಿದ್ದಾರೆ ಅಷ್ಟೇ" ಎಂದೆ. ಅವರಿಗೆ ಪೂರ್ತಿ ಸಮಾಧಾನ ಆಗಲಿಲ್ಲ. ಆಗದೇ ಇರುವುದು ಸಹಜ. ಸುಕ್ಕು ಎಂಬ ಮಾತು ಕಿವಿಗೆ ಬಿದ್ದರೆ ನಮಗೆ ಹೊಳೆಯುವುದು ಮುಪ್ಪು ಮಾತ್ರ.

ಹಾಗಾಗಿ ಪದದ ಅರ್ಥವನ್ನು ಡಿಕ್ಷನರಿಯಲ್ಲಿ ನೋಡಿ ಬಿಟ್ಟುಬಿಟ್ಟರೆ ಸಾಲದು. ಅದು ಎಲ್ಲಿಂದ ಬಂತು, ದೇಹದಲ್ಲಿ ಎಲ್ಲೆಲ್ಲಿ ಕೂತಿದೆ, ಅಲ್ಲಿ ಏನು ಕೆಲಸ ಮಾಡುತ್ತದೆ, ಇವಿಷ್ಟನ್ನೂ ಒಟ್ಟಿಗೆ ಹಿಡಿಯಬೇಕು. ಹಾಗೆ ಹಿಡಿಯುವ ದಾರಿ ಇಲ್ಲಿದೆ. ನರ್ಸಿಂಗ್ ಓದುವವರಿಗೂ ಆದೀತು, ಮನೆಯವರ ರಿಪೋರ್ಟ್ ಹಿಡಿದು ಕೂತವರಿಗೂ ಆದೀತು.

ಬಾಯಲ್ಲಿ ಹೇಗೆ ಹೇಳಬೇಕು

ಇದು ಲ್ಯಾಟಿನ್ ಪದ. ಒಂದೇ ಏಣು ಇದ್ದರೆ ರೂಗಾ. ಹಲವು ಇದ್ದರೆ ಹಳೆಯ ಲ್ಯಾಟಿನ್ ಉಚ್ಚಾರದಲ್ಲಿ ರೂಗೈ. ಇಂಗ್ಲಿಷಿನಲ್ಲಿ ಓದಿದ ಡಾಕ್ಟರುಗಳ ಬಾಯಲ್ಲಿ ಇದೇ ರೂಜೀ ಅಥವಾ ರೂಗೀ ಆಗುತ್ತದೆ. ಮೂರೂ ಒಂದೇ, ಗಾಬರಿ ಬೇಡ. ಪುಸ್ತಕಗಳಲ್ಲಿ ಕಾಣುವುದು ಹೆಚ್ಚಾಗಿ ಬಹುವಚನವೇ, ಯಾಕಂದರೆ ಇವು ಒಂಟಿಯಾಗಿ ಇರುವುದು ಅಪರೂಪ. ಇದರಿಂದ ಹುಟ್ಟಿದ ಗುಣವಾಚಕ ಎರಡು. ರೂಗಲ್ ಅಂದರೆ ರೂಗಾಗೆ ಸೇರಿದ್ದು. ರೂಗೋಸ್ ಅಂದರೆ ಸುಕ್ಕುಸುಕ್ಕಾಗಿರುವುದು. ಕನ್ನಡದಲ್ಲಿ ಬರೆಯುವಾಗ ನಾನು ಸುಮ್ನೆ ರೂಗಾ, ರೂಗಾಗಳು ಎಂದು ಬರೆಯುತ್ತೇನೆ. ರೂಜೀಗಳು ಎಂದು ಬರೆದರೆ ಬಹುವಚನಕ್ಕೆ ಇನ್ನೊಂದು ಬಹುವಚನ ಹಚ್ಚಿದಂತಾಗುತ್ತದೆ.

ಬೇರು ಹಿಡಿಯಿರಿ

ರೋಮನ್ನರಿಗೆ ಇದು ಡಾಕ್ಟರುಗಳ ಪದವೇ ಆಗಿರಲಿಲ್ಲ. ಮನೆಮಾತು. ಮುಖದ ಮೇಲೆ ಬೀಳುವ ಸುಕ್ಕಿಗೆ ರೂಗಾ ಎನ್ನುತ್ತಿದ್ದರು, ಬಟ್ಟೆಯಲ್ಲಿ ಬೀಳುವ ಮಡಿಕೆಗೂ ರೂಗಾ ಎನ್ನುತ್ತಿದ್ದರು. ಇದನ್ನು ಓದಿದ ದಿನ ನನಗೆ ತುಂಬ ಖುಷಿಯಾಯಿತು. ನಮ್ಮ ನೆರಿಗೆ ಎಂಬ ಪದವೂ ಹಾಗೇ ಅಲ್ವಾ! ಬಟ್ಟೆಯದ್ದೂ ನೆರಿಗೆಯೇ, ಹಣೆಯ ಮೇಲಿನದ್ದೂ ನೆರಿಗೆಯೇ. ಎಲ್ಲೋ ದೂರದ ಎರಡು ಭಾಷೆಗಳು ಒಂದೇ ಜೋಡಿ ಅರ್ಥವನ್ನು ಒಂದೇ ಪದದಲ್ಲಿ ಕಟ್ಟಿಟ್ಟಿವೆ. ಲ್ಯಾಟಿನ್ ಪದಕ್ಕೆ ದೂರದ ನೆಂಟ ಲಿಥುವೇನಿಯಾದ ಭಾಷೆಯಲ್ಲಿದೆ. ಅಲ್ಲಿ ಸುಕ್ಕಿಗೆ ರೌಕಸ್ ಎನ್ನುತ್ತಾರೆ.

ಈ ಬೇರಿನಿಂದ ಒಡೆದ ಚಿಗುರುಗಳನ್ನು ನೋಡಿದರೆ ಪದ ತಾನಾಗೇ ನೆನಪಿನಲ್ಲಿ ಉಳಿಯುತ್ತದೆ. ಸಾಮಾನು ತುಂಬಿ ಬರುವ ಕರುಗೇಟೆಡ್ ಬಾಕ್ಸ್ ಗೊತ್ತಲ್ಲ? ಅದರ ಅಂಚನ್ನು ಹರಿದು ನೋಡಿ. ಎರಡು ಚಪ್ಪಟೆ ಹಾಳೆಗಳ ನಡುವೆ ಅಲೆಅಲೆಯಾಗಿ ಮಡಿದ ಇನ್ನೊಂದು ಹಾಳೆ ಇರುತ್ತದೆ. ಕರುಗೇಟೆಡ್ ಎಂಬುದರಲ್ಲಿ ಮಧ್ಯೆ ಕೂತಿರುವ ರುಗ ಇದೇ ರೂಗಾ. ಒಟ್ಟಿಗೆ ಸುಕ್ಕಾಗಿಸಿದ್ದು ಎಂದು ಅರ್ಥ. ತಗಡಿನ ಶೀಟಿಗೂ ಅದೇ ಹೆಸರು. 1829ರಲ್ಲಿ ಲಂಡನ್ನಿನಲ್ಲಿ ಹೆನ್ರಿ ಪಾಮರ್ ಎಂಬ ಎಂಜಿನಿಯರ್ ಅಲೆಅಲೆಯ ಕಬ್ಬಿಣದ ತಗಡಿಗೆ ಪೇಟೆಂಟ್ ಪಡೆದ. ಮಡಿಕೆ ಬಿದ್ದ ತಗಡು ಚಪ್ಪಟೆ ತಗಡಿನಷ್ಟು ಸುಲಭಕ್ಕೆ ಬಾಗುವುದಿಲ್ಲ.

ಇನ್ನೊಂದು ಚಿಗುರು ನಿಮ್ಮ ಮುಖದಲ್ಲೇ ಇದೆ. ಹುಬ್ಬು ಗಂಟಿಕ್ಕಿ ಕನ್ನಡಿ ನೋಡಿ. ಎರಡು ಹುಬ್ಬುಗಳ ನಡುವೆ ನಿಂತ ಗೆರೆಗಳು ಏಳುತ್ತವೆ. ಅವನ್ನು ಏಳಿಸುವ ಸ್ನಾಯುವಿನ ಹೆಸರು ಕರುಗೇಟರ್ ಸೂಪರ್‌ಸಿಲಿಯೈ. ಹುಬ್ಬಿನ ಹತ್ತಿರ ಸುಕ್ಕು ಬರಿಸುವವನು ಎಂದು ಅರ್ಥ. ಮುಖದ ಗೆರೆ ಮಾಯಲೆಂದು ಕೊಡುವ ಬೊಟಾಕ್ಸ್ ಚುಚ್ಚುಮದ್ದು ಮುಖ್ಯವಾಗಿ ಹೋಗುವ ಸ್ನಾಯುಗಳಲ್ಲಿ ಇದೂ ಒಂದು. ಗಿಡಗಳ ಲೋಕದಲ್ಲೂ ಈ ಪದ ಸಿಗುತ್ತದೆ. ಎಲೆಯ ಮೇಲೆಲ್ಲ ಸುಕ್ಕು ಬಿದ್ದಿರುವ ಒಂದು ಗುಲಾಬಿಗೆ ಸ್ವೀಡನ್ನಿನ ತುನ್‌ಬರ್ಗ್ 1784ರಲ್ಲಿ ರೋಸಾ ರುಗೋಸಾ ಎಂದು ಹೆಸರಿಟ್ಟ.

ನನಗೆ ಎಲ್ಲಕ್ಕಿಂತ ಇಷ್ಟವಾದ ಚಿಗುರು ಬೇರೆ. ಫ್ರೆಂಚಿನಲ್ಲಿ ಬೀದಿಗೆ ರ್ಯೂ ಎನ್ನುತ್ತಾರೆ, ಪೋರ್ಚುಗೀಸಿನಲ್ಲಿ ರೂಆ, ಅಲ್ಬೇನಿಯಾದವರ ಮಾತಿನಲ್ಲಿ ದಾರಿಗೆ ರುಗ. ಮೂರೂ ಬಂದಿದ್ದು ಇದೇ ರೂಗಾದಿಂದ! ಮನೆಗಳ ಎರಡು ಸಾಲಿನ ನಡುವೆ ಹಾದುಹೋಗುವ ದಾರಿ ಊರಿನ ಮುಖದ ಮೇಲಿನ ಒಂದು ನೆರಿಗೆಯ ಹಾಗೆ ಕಾಣಿಸಿರಬೇಕು ಆ ಜನರಿಗೆ. ಈ ಬೀದಿಯ ಅರ್ಥವನ್ನು ಮರೆಯಬೇಡಿ, ಹೊಟ್ಟೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಒಂದು ಕಡೆ ಮಾತ್ರ ಹುಷಾರಾಗಿರಿ. ಇಂಗ್ಲಿಷಿನ ರಗ್ಗಡ್ ಎಂಬ ಪದ ಇದರ ಮನೆಯದ್ದಲ್ಲ. ನೆಲಕ್ಕೆ ಹಾಸುವ ರಗ್ ಕೂಡ ಅಲ್ಲ. ಅವು ಉತ್ತರ ಯುರೋಪಿನ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದವು. ಸದ್ದು ಒಂದೇ ಥರ, ಅರ್ಥವೂ ಹತ್ತಿರ, ಹಾಗಾಗಿ ನೆನಪಿಗೆ ಕೊಕ್ಕೆ ಮಾಡಿಕೊಳ್ಳಲು ಆಸೆಯಾಗುತ್ತದೆ. ಮಾಡಿಕೊಳ್ಳಬೇಡಿ. ಕರುಗೇಟೆಡ್ ಬಾಕ್ಸ್ ಸಾಕು.

ಏಣು ಕಂಡಲ್ಲೆಲ್ಲ ರೂಗಾ ಎನ್ನಬೇಡಿ

ದೇಹದಲ್ಲಿ ಉಬ್ಬು, ಏಣು, ದಿಂಡು ಎಷ್ಟೋ ಇವೆ. ಒಂದೊಂದಕ್ಕೆ ಒಂದೊಂದು ಹೆಸರು. ಬೇರ್ಪಡಿಸುವುದು ಹೀಗೆ.

ಮೊದಲು ಕೇಳಬೇಕಾದ್ದು, ಇದು ಮೂಳೆಯೋ ಮೆತ್ತಗಿನ ಭಾಗವೋ? ಮೂಳೆಯ ಏಣು ಎಂದಿಗೂ ರೂಗಾ ಅಲ್ಲ. ಸೊಂಟದ ಮೇಲೆ ಕೈಯಿಟ್ಟು ನಿಂತರೆ ಬೆರಳಿಗೆ ಸಿಗುವ ಗಟ್ಟಿ ಅಂಚು ಕ್ರಿಸ್ಟಾ, ಅಂದರೆ ಜುಟ್ಟು. ಮೂಗಿನ ಮೇಲ್ಗಡೆ, ತಲೆಬುರುಡೆಯ ಒಳಗೆ ಇರುವ ಒಂದು ಪುಟ್ಟ ಮೂಳೆಯ ಏಣಿಗೆ ಕ್ರಿಸ್ಟಾ ಗ್ಯಾಲೈ ಎಂದೇ ಹೆಸರು, ಹುಂಜದ ಜುಟ್ಟು! ತೊಡೆಯ ಮೂಳೆಯ ಹಿಂಬದಿಯಲ್ಲಿ ಉದ್ದಕ್ಕೆ ಇರುವ ಒರಟು ಏಣು ಲಿನಿಯಾ ಆಸ್ಪೆರಾ, ಅಂದರೆ ಒರಟು ಗೆರೆ. ಮಿದುಳಿನ ಮೇಲಿನ ಉಬ್ಬುಗಳು ಮೆತ್ತಗೇ ಇದ್ದರೂ ಅವಕ್ಕೆ ಜೈರಸ್ ಎನ್ನುತ್ತಾರೆ. ಗ್ರೀಕಿನಲ್ಲಿ ಅದು ಬಳೆಯಂಥ ಸುತ್ತು. ಎರಡು ಜೈರಸ್‌ಗಳ ನಡುವಿನ ತಗ್ಗು ಸಲ್ಕಸ್, ಲ್ಯಾಟಿನ್ನಿನಲ್ಲಿ ನೇಗಿಲಿನ ಸಾಲು.

ಆಮೇಲಿನ ಪ್ರಶ್ನೆ, ಟೊಳ್ಳು ಅಂಗದ ಒಳಮೈಯೋ? ರೂಗಾ ಬಹುತೇಕ ಯಾವಾಗಲೂ ಲೋಳೆಪೊರೆಯ ಮಡಿಕೆ. ಬಾಯಿ, ಜಠರ, ಮೂತ್ರಕೋಶ, ಪಿತ್ತಕೋಶ, ಯೋನಿ ಇವುಗಳ ಒಳಗೋಡೆ. ಚರ್ಮದಲ್ಲಿ ಈ ಪದ ಬರುವುದು ಕಡಿಮೆ. ವೃಷಣಚೀಲದ ಚರ್ಮದ ಸುಕ್ಕುಗಳಿಗೆ ಬಳಸುತ್ತಾರೆ. ಅದರಡಿ ಡಾರ್ಟೋಸ್ ಎಂಬ ತೆಳು ಸ್ನಾಯು ಇದೆ. ಚಳಿಗೆ ಅದು ಬಿಗಿದು ಸುಕ್ಕು ಜಾಸ್ತಿಯಾಗುತ್ತದೆ, ಸೆಕೆಗೆ ಸಡಿಲವಾಗಿ ಚರ್ಮ ಹರಡಿಕೊಳ್ಳುತ್ತದೆ.

ಮೂರನೆಯದೇ ಮುಖ್ಯ ಪ್ರಶ್ನೆ. ಎಳೆದರೆ ಇದು ಬಿಚ್ಚಿಕೊಳ್ಳುತ್ತದಾ? ಈ ಪ್ರಶ್ನೆ ಕೇಳಲು ಕಲಿತ ಮೇಲೆ ನನಗೆ ಇಡೀ ವಿಷಯ ಸರಳವಾಯಿತು. ಜಠರದ್ದು ಬಿಚ್ಚಿಕೊಳ್ಳುತ್ತದೆ, ಮೂತ್ರಕೋಶದ್ದು ಬಿಚ್ಚಿಕೊಳ್ಳುತ್ತದೆ, ಯೋನಿಯದ್ದೂ ಹಾಗೇ. ಸಣ್ಣ ಕರುಳಿನೊಳಗೆ ಬಳೆಗಳ ಹಾಗೆ ಅಡ್ಡಡ್ಡ ಇರುವ ಮಡಿಕೆಗಳು ಮಾತ್ರ ಕರುಳು ಎಷ್ಟೇ ತುಂಬಿದರೂ ಬಿಚ್ಚುವುದಿಲ್ಲ. ಅವು ಖಾಯಂ. ಅವಕ್ಕೆ ಬೇರೆ ಹೆಸರು, ಪ್ಲೈಕಾ ಸರ್ಕ್ಯುಲಾರಿಸ್. ಆಹಾರದ ಓಟ ನಿಧಾನ ಮಾಡುವುದು, ಹೀರುವ ಜಾಗ ಹೆಚ್ಚಿಸುವುದು ಅವುಗಳ ಕೆಲಸ. ಪ್ಲೈಕಾ ಎಂದರೂ ಲ್ಯಾಟಿನ್ನಿನಲ್ಲಿ ಮಡಿಕೆಯೇ.

ಹಾಗಾದರೆ ಬಿಚ್ಚಿದರೆ ರೂಗಾ, ಬಿಚ್ಚದಿದ್ದರೆ ಪ್ಲೈಕಾ, ಮುಗಿಯಿತು ಅಂದುಕೊಳ್ಳಬೇಡಿ. ಅಂಗುಳಿನ ರೂಗಾ ಬಿಚ್ಚುವುದೇ ಇಲ್ಲ! ಅದು ಗಟ್ಟಿ ಅಂಗುಳಿನ ಮೂಳೆಯ ಮೇಲೆ ಬಿಗಿಯಾಗಿ ಅಂಟಿದೆ. ಅದೂ ಅಲ್ಲದೆ 1998ರಲ್ಲಿ ಬಂದ ಟರ್ಮಿನಾಲಜಿಯಾ ಅನಾಟಮಿಕಾ ಎಂಬ ಅಂತರರಾಷ್ಟ್ರೀಯ ಪದಪಟ್ಟಿಯಲ್ಲಿ ಜಠರದ ಮಡಿಕೆಗಳಿಗೆ ಕೊಟ್ಟ ಹೆಸರು ಪ್ಲೈಕಾ ಗ್ಯಾಸ್ಟ್ರಿಕಾ. ಅಂಗುಳಿನದಕ್ಕೆ ಎರಡೂ ಹೆಸರು ಇವೆ. ಯೋನಿಯದಕ್ಕೆ ರೂಗಾ ಎಂದೇ ಇದೆ. ಪಟ್ಟಿ ಹೀಗಿದ್ದರೂ ಆಸ್ಪತ್ರೆಯಲ್ಲಿ ಜಠರದ್ದನ್ನು ಎಲ್ಲರೂ ರೂಗಾ ಎಂದೇ ಕರೆಯುತ್ತಾರೆ. ನೀವೂ ಹಾಗೇ ಕರೆಯಿರಿ. ಹೆಸರಿನಿಂದ ಕೆಲಸವನ್ನು ಊಹಿಸಬೇಡಿ, ಪ್ರತಿ ಅಂಗಕ್ಕೂ ಆ ಪ್ರಶ್ನೆಯನ್ನು ಹೊಸದಾಗಿ ಕೇಳಿ.

ಜಠರ: ಇಟ್ಟುಕೊಂಡ ಜಾಗ

ಖಾಲಿ ಜಠರ ಒಂದು ಮುದುಡಿದ ಚೀಲ. ಒಳಗೆ ಹಿಡಿಯುವುದು ಸುಮಾರು 50 ಮಿಲಿಲೀಟರ್ ಅಷ್ಟೇ. ಊಟ ಮಾಡಿದಾಗ ಆರಾಮಾಗಿ 1ರಿಂದ 1.5 ಲೀಟರ್ ಹಿಡಿಯುತ್ತದೆ, ತೀರಾ ಹಿಗ್ಗಿಸಿದರೆ 4 ಲೀಟರ್‌ವರೆಗೂ ಹೋದೀತು. ಇಷ್ಟು ಜಾಗ ಎಲ್ಲಿಂದ ಬಂತು? ಒಂದು ಪಾಲು ಸ್ನಾಯುವಿನಿಂದ. ತುತ್ತು ನುಂಗುತ್ತಿದ್ದ ಹಾಗೇ ವೇಗಸ್ ನರದ ಮೂಲಕ ಸಂದೇಶ ಹೋಗಿ ಜಠರದ ಮೇಲ್ಭಾಗ ತಾನಾಗೇ ಸಡಿಲವಾಗುತ್ತದೆ. ಆದರೆ ಒಳಗಿನ ಲೋಳೆಪೊರೆ ರಬ್ಬರಿನಂತೆ ಅಷ್ಟೊಂದು ಹಿಗ್ಗುವಂಥದ್ದಲ್ಲ. ಅದಕ್ಕೇ ಅದು ಮೊದಲೇ ನೆರಿಗೆ ಹಿಡಿದು ಕೂತಿರುತ್ತದೆ. ಚೀಲ ಅಗಲವಾದಂತೆ ನೆರಿಗೆ ಒಂದೊಂದಾಗಿ ಬಿಚ್ಚಿ ಗೋಡೆ ನುಣ್ಣಗಾಗುತ್ತದೆ. ಖಾಲಿಯಾದಾಗ ಮತ್ತೆ ನೆರಿಗೆ.

ಒಂದು ಮಡಿಕೆಯನ್ನು ಕತ್ತರಿಸಿ ಪಕ್ಕದಿಂದ ನೋಡಿದರೆ ಮೇಲೆ ಲೋಳೆಪೊರೆ, ಅದರ ಹೊಟ್ಟೆಯೊಳಗೆ ರಕ್ತನಾಳಗಳಿರುವ ಸಡಿಲ ಪದರ ಕಾಣುತ್ತದೆ. ಹೊರಗಿನ ದಪ್ಪ ಸ್ನಾಯುಪದರ ಮಡಿಕೆಯೊಳಗೆ ಬರುವುದಿಲ್ಲ, ಅದು ಕೆಳಗೆ ನೇರವಾಗಿಯೇ ಇರುತ್ತದೆ. ಅಂಗಿಯ ಒಳಗಿನ ಅಸ್ತರು ಮಾತ್ರ ಅಂಗಿಗಿಂತ ದೊಡ್ಡದಾಗಿ ಹೊಲಿದಿದ್ದರೆ ಅದು ಒಳಗೆ ಹೇಗೆ ಮಡಿದು ನಿಲ್ಲುತ್ತದೋ ಹಾಗೆ.

ಇವು ಹೆಚ್ಚಾಗಿ ಉದ್ದಕ್ಕೆ ಓಡುತ್ತವೆ, ಮೇಲಿನಿಂದ ಕೆಳಗೆ, ಜಠರದ ಬಾಗಿಲ ಕಡೆಗೆ. ಜಠರದ ಹೊರಬಾಗಿನ ಕಡೆ ದಪ್ಪ, ಅಂಕುಡೊಂಕು. ಒಳಬಾಗಿನ ಉದ್ದಕ್ಕೂ ನೇರ. ಆ ನೇರ ಮಡಿಕೆಗಳ ನಡುವೆ ಒಂದು ಕಾಲುವೆ ಉಂಟಾಗುತ್ತದೆ, ಕುಡಿದ ನೀರು ಆ ದಾರಿ ಹಿಡಿದು ಬೇಗ ಕೆಳಗೆ ಹೋಗಬಲ್ಲದು. ಜರ್ಮನ್ನರು ಅದಕ್ಕೆ ಇಟ್ಟ ಹೆಸರು ಮಾಗೆನ್‌ಸ್ಟ್ರಾಸೆ. ಮಾಗೆನ್ ಅಂದರೆ ಹೊಟ್ಟೆ, ಸ್ಟ್ರಾಸೆ ಅಂದರೆ ಬೀದಿ. ಹೊಟ್ಟೆಬೀದಿ! ಫ್ರಾನ್ಸಿನಲ್ಲಿ ನೆರಿಗೆಯೇ ಬೀದಿಯ ಹೆಸರಾಯಿತು. ಇಲ್ಲಿ ನೆರಿಗೆಗಳ ನಡುವೆ ಹೋಗುವ ದಾರಿಗೆ ಬೀದಿ ಎಂಬ ಹೆಸರು ಬಂತು. ಒಬ್ಬರು ಇನ್ನೊಬ್ಬರನ್ನು ನೋಡಿ ಇಟ್ಟ ಹೆಸರಲ್ಲ ಇದು. ಆ ಆಕಾರ ನೋಡಿದವರಿಗೆ ಹಾಗೇ ಅನ್ನಿಸುತ್ತದೆ.

ಮೂತ್ರಕೋಶದ ಕಥೆಯೂ ಬಹುಪಾಲು ಇದೇ. ಖಾಲಿ ಇದ್ದಾಗ ಮಡಿಕೆ, ತುಂಬಿದಾಗ ನುಣುಪು. ಒಂದು ವ್ಯತ್ಯಾಸ ಮಾತ್ರ ನೆನಪಿಡಿ. ಕೆಳಭಾಗದಲ್ಲಿ ಮೂರು ತೂತುಗಳ ನಡುವೆ ಒಂದು ಮುಕ್ಕೋನ ಜಾಗ ಇದೆ, ಟ್ರೈಗೋನ್ ಎಂದು ಹೆಸರು. ಅಲ್ಲಿ ರೂಗಾ ಇಲ್ಲ. ಖಾಲಿ ಇದ್ದರೂ ತುಂಬಿದ್ದರೂ ಅದು ನುಣುಪೇ. ಯೋನಿಯಲ್ಲಿ ರೂಗಾಗಳು ಅಡ್ಡಡ್ಡ ಇರುತ್ತವೆ, ಹೆರಿಗೆಯ ಹೊತ್ತಿಗೆ ಹಿಗ್ಗಲು ಬೇಕಾದ ಜಾಗ ಅಲ್ಲಿ ಮಡಿಸಿಟ್ಟಿದೆ. ಹೆರಿಗೆಯಾದ ಕೂಡಲೇ ಮಾಯವಾಗಿ, ಕೆಲವು ವಾರಗಳಲ್ಲಿ ಮತ್ತೆ ಮೂಡುತ್ತವೆ. ಈಸ್ಟ್ರೋಜೆನ್ ಹಾರ್ಮೋನು ಅವನ್ನು ಕಾಯುತ್ತದೆ. ಮುಟ್ಟು ನಿಂತ ಮೇಲೆ ಆ ಹಾರ್ಮೋನು ಕಡಿಮೆಯಾಗಿ ಗೋಡೆ ತೆಳುವಾಗುತ್ತದೆ, ರೂಗಾ ಸವೆದು ನುಣ್ಣಗಾಗುತ್ತದೆ. ನೋಡಿ, ಮುಖದಲ್ಲಿ ವಯಸ್ಸಾದಂತೆ ಸುಕ್ಕು ಹೆಚ್ಚುತ್ತದೆ, ಇಲ್ಲಿ ವಯಸ್ಸಾದಂತೆ ಸುಕ್ಕು ಕಡಿಮೆಯಾಗುತ್ತದೆ. ಚಿಕ್ಕಮ್ಮನ ಭಯ ಎಷ್ಟು ತಲೆಕೆಳಗಾಗಿತ್ತು ಅಂತ ನನಗೆ ಹೊಳೆದದ್ದು ಇದನ್ನು ಓದಿದಾಗ.

ಅಂಗುಳು: ಹಿಡಿತಕ್ಕೆ ಇಟ್ಟದ್ದು

ಈಗ ನಾಲಿಗೆ ಮತ್ತೆ ಮೇಲಕ್ಕೆ. ಅಂಗುಳಿನ ರೂಗಾ ಜಾಗ ಉಳಿಸಲು ಇರುವುದಲ್ಲ. ನಾಲಿಗೆ ತುತ್ತನ್ನು ಅಂಗುಳಿಗೆ ಒತ್ತಿದಾಗ ಅದು ಜಾರದ ಹಾಗೆ ಹಿಡಿಯುವುದಕ್ಕೆ ಅದು. ಜೊತೆಗೆ, ತಾನು ಬಾಯಲ್ಲಿ ಎಲ್ಲಿದ್ದೇನೆ ಎಂದು ನಾಲಿಗೆಗೆ ಗುರುತು ಕೊಡುವುದೂ ಇದೇ. ನಿಧಾನವಾಗಿ ಸ ಎಂದು ಎಳೆದು ಹೇಳಿ ನೋಡಿ, ನಾಲಿಗೆಯ ಮುಂಭಾಗ ಈ ಜಾಗದ ಹತ್ತಿರವೇ ಸುಳಿಯುತ್ತದೆ. ಹಲ್ಲಿನ ಪೂರ್ತಿ ಸೆಟ್ ಹಾಕಿಸಿಕೊಂಡವರಲ್ಲಿ ಕೆಲವರಿಗೆ ಅಂಗುಳು ಮುಚ್ಚುವ ನುಣುಪು ಪ್ಲೇಟಿನಿಂದ ಮಾತು ತೊದಲುತ್ತದೆ. ಹಾಗಾಗಬಾರದೆಂದು ಪ್ಲೇಟಿನ ಮೇಲೆ ರೂಗಾಗಳ ಅಚ್ಚು ಮೂಡಿಸುವ ದಂತವೈದ್ಯರಿದ್ದಾರೆ.

ಮನುಷ್ಯರಲ್ಲಿ ಇವು ಒಂದೊಂದು ಬದಿಗೆ ಸಾಮಾನ್ಯವಾಗಿ ಮೂರರಿಂದ ಐದು. ನಡುಗೆರೆಯನ್ನು ದಾಟುವುದಿಲ್ಲ. ಎಡದ್ದು ಬಲದ್ದಕ್ಕೆ ಹೊಂದುವುದಿಲ್ಲ. ನಾಯಿ, ಕುದುರೆ ಬಾಯಿ ತೆರೆದಾಗ ನೋಡಿದ್ದೀರಾ? ಅಲ್ಲಿ ಅಂಗುಳಿನ ಉದ್ದಕ್ಕೂ ಮೆಟ್ಟಿಲು ಕಟ್ಟಿದ ಹಾಗೆ ಇರುತ್ತವೆ. ನಮ್ಮಲ್ಲಿ ಮುಂದಿನ ಅರ್ಧಕ್ಕೇ ನಿಂತಿವೆ.

ಇವನ್ನು ಮೊದಲು ವಿವರಿಸಿದವರು ಜೇಕಬ್ ವಿನ್‌ಸ್ಲೋ ಎಂದು ಹೇಳುತ್ತಾರೆ, 1732ರಲ್ಲಿ. ಡೆನ್ಮಾರ್ಕಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ಅನಾಟಮಿ ಕಲಿಸಿದವರು. ಹೊಟ್ಟೆಯೊಳಗೆ ಜಠರದ ಪಕ್ಕ ಒಂದು ಕಿಂಡಿಗೂ ಅವರದೇ ಹೆಸರಿದೆ. 1932ರಲ್ಲಿ ಸ್ಪೇನಿನ ಟ್ರೋಬೊ ಎರ್ಮೋಸಾ ಇವುಗಳ ಅಧ್ಯಯನಕ್ಕೆ ರೂಗೋಸ್ಕೋಪಿ ಎಂಬ ಹೆಸರು ಸೂಚಿಸಿದರು. ಯಾಕೆ ಅಷ್ಟು ಆಸಕ್ತಿ? ಬೆರಳಚ್ಚಿನ ಹಾಗೆ ಇದೂ ಒಬ್ಬೊಬ್ಬರಿಗೆ ಒಂದೊಂದು ಥರ. ತಾಯಿಯ ಹೊಟ್ಟೆಯಲ್ಲಿ ಮೂರನೇ ತಿಂಗಳ ಹೊತ್ತಿಗೆ ಮೂಡಿ, ಬಾಯಿ ಬೆಳೆದಂತೆ ಉದ್ದವಾಗುತ್ತದೆ, ವಿನ್ಯಾಸ ಮಾತ್ರ ಹೆಚ್ಚು ಬದಲಾಗುವುದಿಲ್ಲ. ಸುತ್ತ ಕೆನ್ನೆ, ನಾಲಿಗೆ, ಹಲ್ಲು ಕಾವಲಿರುವುದರಿಂದ ಬೆಂಕಿ ಅನಾಹುತದಲ್ಲೂ ಎಷ್ಟೋ ಸಲ ಉಳಿಯುತ್ತದೆ. ಆ ವ್ಯಕ್ತಿಯ ಬಾಯಿಯ ಹಳೆಯ ಅಚ್ಚು ದಂತವೈದ್ಯರ ಹತ್ತಿರ ಇದ್ದರೆ ಎರಡನ್ನೂ ಹೋಲಿಸಿ ಗುರುತು ಹಿಡಿಯಬಹುದು. ಅಚ್ಚು ಇಲ್ಲದಿದ್ದರೆ ಪ್ರಯೋಜನವಿಲ್ಲ. ಹಲ್ಲು ಕೀಳಿಸಿದರೆ, ಹಲ್ಲಿಗೆ ಕ್ಲಿಪ್ ಹಾಕಿಸಿದರೆ ಏಣುಗಳ ತುದಿ ಸ್ವಲ್ಪ ಸರಿಯಬಹುದು. ಆದ್ದರಿಂದ ಇದೊಂದನ್ನೇ ನಂಬುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಇವನ್ನು ಅಳೆಯುವ ಕ್ರಮವೂ ಇದೆ. 1955ರಲ್ಲಿ ಲಿಸೆಲ್ ಎಂಬ ಸಂಶೋಧಕ ಕೊಟ್ಟ ಲೆಕ್ಕದ ಪ್ರಕಾರ 5 ಮಿಲಿಮೀಟರ್ ಅಥವಾ ಅದಕ್ಕಿಂತ ಉದ್ದ ಇದ್ದರೆ ಮೊದಲ ದರ್ಜೆ, 3ರಿಂದ 5 ಎರಡನೆಯದು, 2ರಿಂದ 3 ಬರೀ ತುಣುಕು. 2ಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ.

ಇಷ್ಟು ಸಮವಾದ ಅಂತರದಲ್ಲಿ ಏಣುಗಳು ಮೂಡುವುದಾದರೂ ಹೇಗೆ? ಬ್ರಿಟನ್ನಿನ ಗಣಿತಜ್ಞ ಅಲನ್ ಟ್ಯೂರಿಂಗ್ 1952ರಲ್ಲಿ ಒಂದು ವಿಚಾರ ಮುಂದಿಟ್ಟಿದ್ದರು. ಒಂದು ವಸ್ತು ಬೆಳೆ ಎನ್ನುತ್ತದೆ, ಇನ್ನೊಂದು ಬೇಡ ಎನ್ನುತ್ತದೆ, ಎರಡೂ ಬೇರೆ ಬೇರೆ ವೇಗದಲ್ಲಿ ಹರಡಿದರೆ ಪಟ್ಟೆಗಳು ತಾವಾಗೇ ಮೂಡಬಲ್ಲವು ಎಂದು. 2012ರಲ್ಲಿ ಲಂಡನ್ನಿನ ವಿಜ್ಞಾನಿಗಳು ಇಲಿಯ ಭ್ರೂಣದ ಅಂಗುಳಿನಲ್ಲಿ ಇದನ್ನೇ ಕಂಡರು. ಒಂದು ರೂಗಾವನ್ನು ಕತ್ತರಿಸಿ ತೆಗೆದರು. ಹೊಸ ಪಟ್ಟೆ ಕತ್ತರಿಸಿದ ಅಂಚಿನಲ್ಲಿ ಮೂಡಲಿಲ್ಲ, ಪಕ್ಕದ ಪಟ್ಟೆಯಿಂದ ಕವಲಾಗಿ ಒಡೆಯಿತು. ಟ್ಯೂರಿಂಗ್ ಹೇಳಿದ ಬಗೆಯಲ್ಲಿ ಮಾತ್ರ ಆಗುವಂಥ ಗುರುತು ಅದು. ಆ ಜೋಡಿಯಲ್ಲಿ ಎಫ್‌ಜಿಎಫ್ ಮತ್ತು ಸೋನಿಕ್ ಹೆಜ್‌ಹಾಗ್ ಎಂಬ ಪ್ರೋಟೀನುಗಳು ಇವೆ ಎಂದೂ ಗೊತ್ತಾಯಿತು. ನಾಲಿಗೆಗೆ ದಿನಾ ತಗಲುವ ಏಣಿನ ಹಿಂದೆ ಇಷ್ಟೆಲ್ಲ ಇದೆ!

ರಿಪೋರ್ಟಿನಲ್ಲಿ ಕಂಡಾಗ

ರೂಗಲ್ ಫೋಲ್ಡ್ಸ್ ನಾರ್ಮಲ್ ಅಂದರೆ ಜಠರದ ನೆರಿಗೆ ಇರಬೇಕಾದ ಹಾಗೇ ಇದೆ. ಪ್ರಾಮಿನೆಂಟ್ ಅಥವಾ ಥಿಕನ್ಡ್ ಎಂದಿದ್ದರೆ ನೆರಿಗೆ ಎದ್ದು ಕಾಣುತ್ತಿದೆ, ದಪ್ಪಗಿದೆ. ಇದಕ್ಕೆ ಉರಿಯೂತದಿಂದ ಹಿಡಿದು ಹಲವು ಕಾರಣ ಇರಬಹುದು. ಅಪರೂಪಕ್ಕೆ, 1888ರಲ್ಲಿ ಫ್ರಾನ್ಸಿನ ಮೆನೆಟ್ರಿಯೆ ವಿವರಿಸಿದ ಕಾಯಿಲೆಯಲ್ಲಿ ನೆರಿಗೆಗಳು ವಿಪರೀತ ದೊಡ್ಡದಾಗುತ್ತವೆ. ಲಾಸ್ ಆಫ್ ರೂಗೀ ಎಂದಿದ್ದರೆ ನೆರಿಗೆ ಸವೆದಿದೆ. ಬಹುಕಾಲದ ಉರಿಯೂತದಿಂದ ಲೋಳೆಪೊರೆ ತೆಳುವಾದಾಗ ಹಾಗಾಗುತ್ತದೆ. ಇಷ್ಟರ ಮೇಲೆ ನೀವೇ ತೀರ್ಮಾನ ಮಾಡಬೇಡಿ. ರಿಪೋರ್ಟ್ ಬರೆಸಿದ ಡಾಕ್ಟರನ್ನೇ ಕೇಳಿ, ಬಯಾಪ್ಸಿ, ಅಂದರೆ ಪರೀಕ್ಷೆಗೆಂದು ಒಳಗಿನ ಒಂದು ಚೂರು, ತೆಗೆದಿದ್ದಾರಾ ಎಂದೂ ಕೇಳಿ.

ಬೇರೆಯವರಿಗೆ ಕನ್ನಡದಲ್ಲಿ ಹೇಳುವಾಗ ಸುಕ್ಕು ಎಂಬ ಪದ ಬಿಟ್ಟುಬಿಡಿ ಎನ್ನುವುದು ನನ್ನ ಸಲಹೆ. ಸುಕ್ಕು ಎಂದರೆ ಏನೋ ಕೆಟ್ಟಿದೆ ಎಂದೇ ಕೇಳಿಸುತ್ತದೆ. ಜಠರ, ಮೂತ್ರಕೋಶ, ಯೋನಿಗೆ ನೆರಿಗೆ ಎನ್ನಿ, ಅದರಲ್ಲಿ ಬಿಚ್ಚಿಕೊಳ್ಳುವ ಅರ್ಥ ಮೊದಲೇ ಇದೆ. ಅಂಗುಳಿನದಕ್ಕೆ ಏಣು ಸರಿ, ಅದು ಬಿಚ್ಚುವುದಿಲ್ಲವಲ್ಲ. ಸಣ್ಣ ಕರುಳಿನದ್ದು ಮಡಿಕೆಯಾಗಿಯೇ ಇರಲಿ.

ಚಿಕ್ಕಮ್ಮನಿಗೆ ಮರುದಿನ ಹೀಗೇ ಹೇಳಿದೆ. "ನೆರಿಗೆ ಚಿಕ್ಕಮ್ಮ, ಸುಕ್ಕಲ್ಲ. ಉಂಡಾಗ ಬಿಚ್ಚಿಕೊಳ್ಳುತ್ತೆ, ಹಸಿದಾಗ ಮಡಿಸಿಕೊಳ್ಳುತ್ತೆ." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಾಗಾದ್ರೆ ಖಾಲಿ ಹೊಟ್ಟೇಲಿ ಬನ್ನಿ ಅಂದಿದ್ದು ಆ ನೆರಿಗೆ ಕಾಣಲಿ ಅಂತಾನಾ?" ಒಳ್ಳೆಯ ಪ್ರಶ್ನೆ. ಅಲ್ಲ. ಖಾಲಿ ಹೊಟ್ಟೆ ಬೇಕಾಗುವುದು ಆಹಾರ ಅಡ್ಡ ಬರದಿರಲಿ, ವಾಂತಿಯಾಗಿ ಶ್ವಾಸಕೋಶಕ್ಕೆ ಹೋಗದಿರಲಿ ಎಂದು. ನೆರಿಗೆಯನ್ನಂತೂ ಡಾಕ್ಟರು ಬಿಚ್ಚಿಯೇ ನೋಡುತ್ತಾರೆ. ಟ್ಯೂಬಿನ ಮೂಲಕ ಗಾಳಿ ಊದಿ ಜಠರವನ್ನು ಹಿಗ್ಗಿಸುತ್ತಾರೆ, ಎರಡು ನೆರಿಗೆಗಳ ಸಂದಿಯಲ್ಲಿ ಸಣ್ಣ ಹುಣ್ಣೊಂದು ಅಡಗಿಕೊಂಡಿದ್ದರೂ ಕಣ್ಣಿಗೆ ಬೀಳಲಿ ಎಂದು.